ಎತ್ತಂಗಡಿ ಮಾಡಿದವರೇ ಖರ್ಚು ತೆರಲಿ!

ಬೇಸಿಗೆ ಮುಗಿದು ಮುಂಗಾರಿನ ಮೊದಲ ಮಳೆ ಬೀಳುವ ಹೊತ್ತಿಗೆ ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಎರಡು ಗಡಿಬಿಡಿಗಳು ಕೂಡಿಯೇ ಬರುತ್ತವೆ. ಒಂದು, ರೈತನ ಬಿತ್ತಿಗೆಯದು. ಇನ್ನೊಂದು, ಸರಕಾರದ ವರ್ಗಾವಣೆಯದು. ಮೊದಲನೆಯದರಿಂದ ನಾಡಿಗೆ ಅನ್ನ ಬರುತ್ತದೆ. ಎರಡನೆಯದರಿಂದ ಯಾರಿಗೆ ಏನು ಬರುತ್ತದೆಂಬದನ್ನು ಪೇಟೆಯ ಚಹದಂಗಡಿಯಲ್ಲಿ ಕುಳಿತ ಯಾರನ್ನು ಕೇಳಿದರೂ ಹೇಳಿಯಾರು.

ಓಣಿಯ ಮೂಲೆಗೆ ಒಂದು ಟೆಂಪೊ ಬಂದು ನಿಲ್ಲುತ್ತದೆ. ಟ್ರಂಕು, ಹಾಸಿಗೆಯ ಸುರುಳಿ, ಗ್ಯಾಸಿನ ಸಿಲಿಂಡರು, ಹುಡುಗರ ಸೈಕಲ್ಲು, ತುಳಸಿಯ ಕುಂಡ ಒಂದೊಂದಾಗಿ ಏರುತ್ತವೆ. ಕಾರಕೂನನೋ ಮಾಸ್ತರನೋ ದವಾಖಾನೆಯ ಕಂಪೌಂಡರನೋ ಬಾಗಿಲಿಗೆ ಕೀಲಿ ಹಾಕಿ ಒಮ್ಮೆ ಹಿಂದಿರುಗಿ ನೋಡುತ್ತಾನೆ. ಅವನ ಕಿಸೆಯಲ್ಲಿಯ ಹುಕುಮಿನಲ್ಲಿ ಎಲ್ಲವೂ ಬರೆದಿದೆ: ಯಾವ ದಿನ ಬಿಡತಕ್ಕದ್ದು, ಯಾರಿಗೆ ಚಾರ್ಜು ಕೊಡತಕ್ಕದ್ದು, ಯಾವ ಊರಲ್ಲಿ ಹಾಜರಾಗತಕ್ಕದ್ದು. ಬರೆಯದೆ ಬಿಟ್ಟ ಮಾತು ಒಂದೇ. ಕೀಲಿ ಹಾಕಿದ ಆ ಮನೆಯ ಗತಿಯೇನು?

ನಾವು ಈ ವಾರ ಆ ಮನೆಯ ಮಾತನ್ನೇ ಆಡಬೇಕೆಂದಿದ್ದೇವೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮನೆ ಮಾರಿ ನೋಡು ಎಂದು ಅವರು ಹೇಳಲಿಲ್ಲ. ಅವರ ಕಾಲಕ್ಕೆ ಕಟ್ಟಿದ ಮನೆಯನ್ನು ಯಾರೂ ಸುಮ್ಮನೆ ಮಾರುತ್ತಿರಲಿಲ್ಲ. ಇಂದು ಸರಕಾರದ ಒಂದು ಕಾಗದ ಸಾಕು, ಮಾರಿ ನೋಡುವ ಪ್ರಸಂಗವೂ ಬರುತ್ತದೆ. ಲೆಕ್ಕಕ್ಕೆಂದು ಒಬ್ಬ ಕಾರಕೂನನನ್ನು ಹಿಡಿಯೋಣ. ಸವದತ್ತಿಯಲ್ಲಿ ಸಾಲ ಮಾಡಿ ಮನೆ ಕಟ್ಟಿದ್ದಾನೆ. ಮೂಲ ಪಗಾರ 40,000 ರೂಪಾಯಿ. ಮನೆಯ ಬೆಲೆ 20 ಲಕ್ಷ. ಅವನಿಗೆ ಬೀದರಕ್ಕೆ ವರ್ಗವಾಯಿತು.

ಮನೆ ಮಾರಬೇಕೆಂದರೆ ಮೊದಲು ದಲಾಲನ ಬಾಗಿಲು. ನೂರಕ್ಕೆ ಎರಡರಂತೆ ದಲಾಲಿ ಹಿಡಿದರೂ 40,000 ರೂಪಾಯಿ ಅಲ್ಲಿಯೇ ಹೋಯಿತು. ಬಳಿಕ ಉತಾರ, ಇ-ಖಾತೆ, ಋಣಭಾರದ ದಾಖಲೆ, ಬ್ಯಾಂಕಿನಿಂದ ಮೂಲ ಕಾಗದ ಬಿಡಿಸಿಕೊಳ್ಳುವ ಓಡಾಟ. ಇವುಗಳ ನಡುವೆ ಇನ್ನೊಂದು ಪೆಟ್ಟು ಇದೆ, ಅದು ಯಾವ ರಶೀದಿಯಲ್ಲಿಯೂ ಕಾಣುವದಿಲ್ಲ. ಕೊಳ್ಳುವವನಿಗೆ ಗೊತ್ತು, ಇವನು ಹೋಗಲೇಬೇಕಾದವನು. ವರ್ಗವಾದವನ ಮನೆಗೆ ಪೇಟೆಯ ಬೆಲೆ ಸಿಗುವದಿಲ್ಲ, ಅವಸರದ ಬೆಲೆ ಸಿಗುತ್ತದೆ. ವ್ಯಾಪಾರಸ್ಥ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಡಿ ಮುಚ್ಚುವವನ ಮಾಲಿಗೆ ಏನು ಬೆಲೆ ಬರುತ್ತದೆಂಬದು ಅವರಿಗೆ ತಿಳಿದದ್ದೇ.

ಇನ್ನು ಹೋದ ಊರಲ್ಲಿ ಅಷ್ಟೇ ಬೆಲೆಯ ಮನೆ ಕೊಂಡನೆನ್ನೋಣ. ಮುದ್ರಾಂಕ ಶುಲ್ಕ ನೂರಕ್ಕೆ ಐದು, ಅಂದರೆ 1,00,000. ನೋಂದಣಿ ಶುಲ್ಕ ನೂರಕ್ಕೆ ಒಂದು ಇದ್ದುದನ್ನು 2025ರ ಆಗಸ್ಟ್ 31ರಿಂದ ನಮ್ಮ ರಾಜ್ಯ ಸರಕಾರ ಎರಡಕ್ಕೆ ಏರಿಸಿದೆ, ಅದು 40,000. ಮುದ್ರಾಂಕದ ಮೇಲಿನ ಸೆಸ್ಸು, ಸರ್‌ಚಾರ್ಜು, ಬರೆಯುವವನ ಕೂಲಿ, ವಕೀಲರ ಫೀ ಬೇರೆ. ಅವನ್ನೆಲ್ಲ ಬಿಟ್ಟರೂ ಮಾರುವ ದಲಾಲಿ ಕೂಡಿ 1,80,000 ರೂಪಾಯಿ. ಮೂಲ ಪಗಾರದ ನಾಲ್ಕೂವರೆ ತಿಂಗಳ ದುಡಿಮೆ! ಇದರಲ್ಲಿ 1,40,000 ತಿರುಗಿ ಸರಕಾರದ ಬೊಕ್ಕಸಕ್ಕೇ ಹೋಗುವದನ್ನು ಓದುಗರು ಗಮನಿಸಬೇಕು. ಸರಕಾರವೇ ಎಬ್ಬಿಸಿತು, ಎದ್ದು ಹೋದದ್ದಕ್ಕೆ ಸರಕಾರವೇ ಸುಂಕ ವಸೂಲು ಮಾಡಿತು.

ಮಾರುವದೇಕೆ, ಬಾಡಿಗೆಗೆ ಕೊಟ್ಟು ಹೋಗಲಿ ಎನ್ನುವವರಿದ್ದಾರೆ. ಕೊಡಲಿ. ಇಲ್ಲಿ ಬ್ಯಾಂಕಿನ ಕಂತು, ಅಲ್ಲಿ ಮನೆ ಬಾಡಿಗೆ. ಏಳನೆಯ ವೇತನ ಆಯೋಗದ ನಂತರ 2024ರ ಆಗಸ್ಟ್ 1ರಿಂದ ರಾಜ್ಯ ನೌಕರನಿಗೆ ಸಣ್ಣ ಊರುಗಳಲ್ಲಿ ಸಿಗುವ ಮನೆ ಬಾಡಿಗೆ ಭತ್ಯೆ ಮೂಲ ಪಗಾರದ ನೂರಕ್ಕೆ ಏಳೂವರೆ. ನಮ್ಮ ಕಾರಕೂನನ ಲೆಕ್ಕಕ್ಕೆ ತಿಂಗಳಿಗೆ 3,000 ರೂಪಾಯಿ. ಮೂರು ಸಾವಿರಕ್ಕೆ ಹೆಂಡತಿ ಮಕ್ಕಳೊಂದಿಗೆ ಇರಬಹುದಾದ ಮನೆ ಯಾವ ಊರಲ್ಲಿದೆಯೆಂದು ಈ ಹುಕುಮಿಗೆ ರುಜು ಹಾಕಿದ ಸಾಹೇಬರು ಒಮ್ಮೆ ತೋರಿಸಿಕೊಡಬೇಕು.

ಹಾಗಾದರೆ ಸರಕಾರ ಏನನ್ನೂ ಕೊಡುವದಿಲ್ಲವೇ? ಕೊಡುತ್ತದೆ. ಕೇಂದ್ರ ಸರಕಾರದ ನೌಕರನಿಗೆ ಸಾರ್ವಜನಿಕ ಹಿತಕ್ಕಾಗಿ 20 ಕಿಲೋಮೀಟರಿನಾಚೆಗೆ ವರ್ಗವಾದರೆ ಮೂಲ ಪಗಾರದ ನೂರಕ್ಕೆ 80ರಷ್ಟು ವರ್ಗಾವಣೆ ಅನುದಾನವಿದೆ. ಕುಟುಂಬದ ಪ್ರಯಾಣದ ಖರ್ಚು ಇದೆ. ಸಾಮಾನು ಸಾಗಿಸುವ ಖರ್ಚು ಇದೆ. ರಾಜ್ಯ ಸರಕಾರದ ದರಗಳು ಬೇರೆಯಾದರೂ ತತ್ವ ಅದೇ. ಕೇಂದ್ರದ ದರವನ್ನೇ ನಮ್ಮ ಕಾರಕೂನನಿಗೆ ಹಚ್ಚಿ ನೋಡಿದರೂ ಬರುವ ಅನುದಾನ 32,000. ಮೇಲೆ ಹೇಳಿದ ಖರ್ಚಿನ ಐದರಲ್ಲಿ ಒಂದು ಪಾಲೂ ಆಗಲಿಲ್ಲ. ಪಾತ್ರೆ ಪಗಡಿ ಸಾಗಿಸಲು ನಿಯಮವಿದೆ, ಗೋಡೆಗೆ ನಿಯಮವಿಲ್ಲ.

ಸಾಮಾನಿನ ನಿಯಮದಲ್ಲಿಯಾದರೂ ಸಮಾನತೆ ಇದೆಯೇ? ಏಳನೆಯ ಕೇಂದ್ರ ವೇತನ ಆಯೋಗದ ಬಳಿಕ 2017ರಲ್ಲಿ ಬಂದ ಹುಕುಮಿನಲ್ಲಿ ಆರನೆಯ ಶ್ರೇಣಿ ಮತ್ತು ಅದಕ್ಕೆ ಮೇಲ್ಪಟ್ಟವರ ಸಾಮಾನಿಗೆ 6,000 ಕಿಲೊ, ನಾಲ್ಕನೆಯ ಶ್ರೇಣಿ ಮತ್ತು ಅದಕ್ಕೆ ಕೆಳಗಿನವರ ಸಾಮಾನಿಗೆ 1,500 ಕಿಲೊ. ಶಿಪಾಯಿಯ ಮನೆಯಲ್ಲಿ ಬೀಸುವ ಕಲ್ಲು ಹಗುರವೇ? ಶಿಪಾಯಿಯ ಮಕ್ಕಳಿಗೆ ಹಾಸಿಗೆ ಬೇಡವೇ? ದೊಡ್ಡವರ ಸೋಫಾ ಸಾಗಿಸುವ ಚಿಂತೆ ಮಾಡಿದ ಸರಕಾರಕ್ಕೆ ಸಣ್ಣವರ ಸೂರಿನ ಚಿಂತೆ ಹೊಳೆಯದೆ ಹೋದದ್ದರಲ್ಲಿ ನಮಗೇನೂ ಆಶ್ಚರ್ಯವಿಲ್ಲ.

ಇದಕ್ಕಿಂತ ವಿಚಿತ್ರವಾದ ಮಾತು ಇನ್ನೊಂದಿದೆ. ಮನೆ ಕಟ್ಟಿಸಿಕೊಳ್ಳಿರೆಂದು ಸಾಲ ಕೊಡುವದೂ ಸರಕಾರವೇ. ಕೇಂದ್ರದ ನೌಕರನಿಗೆ 34 ತಿಂಗಳ ಮೂಲ ಪಗಾರದ ವರೆಗೆ, ಹೆಚ್ಚೆಂದರೆ 25 ಲಕ್ಷ ರೂಪಾಯಿ ಮನೆ ಕಟ್ಟುವ ಮುಂಗಡವಿದೆ. ಒಂದು ಕೈಯಿಂದ ನೆಲೆ ಊರು ಎನ್ನುವದು, ಇನ್ನೊಂದು ಕೈಯಿಂದ ನೆಲೆ ಕೀಳು ಎನ್ನುವದು! ಒಂದು ಇಲಾಖೆಯಿಂದ ಸಾಲದ ಕಾಗದ ಬರುತ್ತದೆ, ಇನ್ನೊಂದರಿಂದ ಎತ್ತಂಗಡಿಯ ಕಾಗದ ಬರುತ್ತದೆ. ಎರಡರ ನಡುವೆ ಸಿಕ್ಕವನು ಕಂತು ಕಟ್ಟುತ್ತಾನೆ.

ಈ ಖರ್ಚನ್ನು ಸರಕಾರ ಕೊಡುವದೆಲ್ಲಿಯಾದರೂ ಉಂಟೇ ಎಂದು ಕೇಳುವವರಿಗೆ ಅಮೇರಿಕೆಯ ಕಡೆಗೆ ಬೆರಳು ತೋರಿಸುತ್ತೇವೆ. ಬಂಡವಲಿಗರ ಆ ನಾಡಿನಲ್ಲಿ ಕೇಂದ್ರ ಸರಕಾರದ ನೌಕರನನ್ನು ಸರಕಾರದ ಕೆಲಸಕ್ಕಾಗಿ ದೂರದ ಊರಿಗೆ ಕಾಯಂ ಕಳಿಸಿದರೆ, ಅವನು ವಾಸವಿದ್ದ ಮನೆಯನ್ನು ಮಾರುವ ಖರ್ಚನ್ನು ಮಾರಾಟ ಬೆಲೆಯ ನೂರಕ್ಕೆ 10ರ ವರೆಗೂ, ಹೊಸ ಊರಲ್ಲಿ ಕೊಳ್ಳುವ ಖರ್ಚನ್ನು ಬೆಲೆಯ ನೂರಕ್ಕೆ 5ರ ವರೆಗೂ ಸರಕಾರ ತೆರುತ್ತದೆ. ದಲಾಲಿ, ವಕೀಲರ ಫೀ, ದಸ್ತೈವಜಿನ ಖರ್ಚು ಎಲ್ಲ ಅದರೊಳಗೆ ಬರುತ್ತವೆ. ಷರತ್ತುಗಳೂ ಇವೆ. ಹೊಸ ಜಾಗ ಸಾಮಾನ್ಯವಾಗಿ 50 ಮೈಲಿಗಿಂತ ದೂರವಿರಬೇಕು. ಮನೆ ನೌಕರನ ಅಥವಾ ಅವನ ಮನೆಯವರ ಹೆಸರಿನಲ್ಲಿದ್ದು, ದಿನಾಲು ಕೆಲಸಕ್ಕೆ ಹೋಗಿ ಬರುತ್ತಿದ್ದ ಮನೆಯೇ ಆಗಿರಬೇಕು. ಒಂದು ವರ್ಷದೊಳಗೆ ವ್ಯವಹಾರ ಮುಗಿಸಬೇಕು. ಬೇಕಾದರೆ ಅವಧಿ ಬೆಳೆಸಿಕೊಡುತ್ತಾರೆ. ಹನ್ನೆರಡು ತಿಂಗಳಾದರೂ ಚಾಕರಿಯಲ್ಲಿ ಇರುತ್ತೇನೆಂದು ಬರೆದುಕೊಡಬೇಕು. ತನ್ನ ಅನುಕೂಲಕ್ಕೆ ವರ್ಗ ಬೇಡಿದವನಿಗೆ ಬಿಡಿಗಾಸೂ ಇಲ್ಲ.

ನಾವು ಅಮೇರಿಕೆಯ ಭಕ್ತರಲ್ಲ. ಆ ಪದ್ಧತಿಯಲ್ಲಿಯೂ ದೋಷವಿದೆ: ನೂರಕ್ಕೆ ಇಷ್ಟೆಂದು ಅಳೆದರೆ ದೊಡ್ಡ ಮನೆಯವನಿಗೆ ದೊಡ್ಡ ಗಂಟು, ಸಣ್ಣ ಮನೆಯವನಿಗೆ ಸಣ್ಣ ಗಂಟು. ಆದರೂ ಅದರ ಬುಡದಲ್ಲಿರುವ ತತ್ವವನ್ನು ಒಪ್ಪಲೇಬೇಕು. ಯಾರ ಕೆಲಸಕ್ಕಾಗಿ ಮನುಷ್ಯ ಮನೆ ಬಿಟ್ಟನೋ ಮನೆ ಬಿಟ್ಟ ಖರ್ಚು ಅವರದು. 1976ರಲ್ಲಿ ಸಂವಿಧಾನದ ಪೀಠಿಕೆಯಲ್ಲಿ ಸಮಾಜವಾದಿ ಎಂಬ ಪದವನ್ನು ಬರೆದುಕೊಂಡ ನಮ್ಮ ಗಣರಾಜ್ಯಕ್ಕೆ ಈ ಸಾದಾ ಲೆಕ್ಕ ಇನ್ನೂ ತಿಳಿಯದಿರುವದು ನಾಚಿಕೆಯ ಮಾತಲ್ಲವೇ?

ಈಗ ನಮ್ಮ ಓದುಗರು ಕೇಳುವ ಪ್ರಶ್ನೆ ನಮಗೆ ಕೇಳಿಸುತ್ತಿದೆ. ಗಿರಣಿಯ ಗೆಳೆಯ ಹೇಳುತ್ತಾನೆ: “ತಿಂಗಳ ಮೊದಲಿಗೆ ತಪ್ಪದೆ ಪಗಾರ ಎಣಿಸುವವರ ಮನೆಯ ಚಿಂತೆ ನನಗೇಕೆ? ನನ್ನ ಸಾಂಚೆ ನಿಂತರೆ ನನ್ನನ್ನು ಕೇಳುವವರು ಯಾರು?” ಕಿರಾಣಿ ಅಂಗಡಿಯ ಸಾಹುಕಾರ ಹೇಳುತ್ತಾನೆ: “ನಾನು ಕಟ್ಟಿದ ತೆರಿಗೆಯಲ್ಲಿ ಕಾರಕೂನನ ದಲಾಲಿ ಕೊಡಬೇಕೇ? ನನ್ನ ಕಾಗದಕ್ಕೆ ರುಜು ಮಾಡಲು ಅವನು ನನ್ನನ್ನು ಎಷ್ಟು ಸಲ ತಿರುಗಿಸಿದ್ದಾನೆ ಬಲ್ಲಿರಾ?”

ಈ ಸಿಟ್ಟು ಸುಳ್ಳಲ್ಲ. ಕಚೇರಿಯ ಮೆಟ್ಟಿಲು ಸವೆಸಿದವರಿಗೆಲ್ಲ ಅದು ಗೊತ್ತಿದೆ. ಆದರೆ ಸಿಟ್ಟಿನಲ್ಲಿ ಕುಳಿತು ನಾವು ನಮ್ಮದೇ ಹಕ್ಕನ್ನು ಬಿಟ್ಟುಕೊಡಬಾರದು. ಏಕೆಂದರೆ ಈ ತತ್ವ ಕಾರಕೂನನಿಗಿಂತ ಮೊದಲು ನಮ್ಮದು. ನಮ್ಮ ಹೆಸರಿನಲ್ಲಿಯೇ ಅದು ಕಾಯಿದೆಯಲ್ಲಿ ಬರೆದಿದೆ.

ಬ್ರಿಟಿಷರು ಮಾಡಿದ 1894ರ ಭೂಸ್ವಾಧೀನ ಕಾಯಿದೆಯ 23ನೆಯ ಕಲಮನ್ನು ನೋಡಿರಿ. ಪರಿಹಾರ ಗೊತ್ತುಮಾಡುವಾಗ ಲೆಕ್ಕಕ್ಕೆ ಹಿಡಿಯಬೇಕಾದ ಸಂಗತಿಗಳಲ್ಲಿ ಐದನೆಯದು ಇದು: ಸ್ವಾಧೀನದಿಂದಾಗಿ ಒಬ್ಬನು ತನ್ನ ವಾಸದ ಮನೆಯನ್ನಾಗಲಿ ವ್ಯಾಪಾರದ ಜಾಗವನ್ನಾಗಲಿ ಬದಲಿಸಬೇಕಾಗಿ ಬಂದರೆ, ಆ ಬದಲಾವಣೆಗೆ ತಗಲುವ ಯೋಗ್ಯ ವೆಚ್ಚ. ಮನೆ ಅಷ್ಟೇ ಅಲ್ಲ, ಅಂಗಡಿಯೂ ಬಂತು! ನಮ್ಮನ್ನು ಲೂಟಿ ಮಾಡಲು ಬಂದ ಪರಕೀಯ ಸರಕಾರಕ್ಕೂ ಒಪ್ಪಬೇಕಾಗಿ ಬಂದ ನ್ಯಾಯವಿದು. 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಹೊಸ ಭೂಸ್ವಾಧೀನ ಕಾಯಿದೆಯ 28ನೆಯ ಕಲಮಿನಲ್ಲಿಯೂ ಅದೇ ಮಾತು ಉಳಿದಿದೆ.

ಕಾಗದದಲ್ಲಿದ್ದ ಆ ಮಾತು ಕೈಗೆ ಬಂತೇ? ನವಿಲುತೀರ್ಥಕ್ಕೆ ಹೋಗಿ ಕೇಳಿರಿ. ಮಲಪ್ರಭೆಗೆ ಅಡ್ಡಗಟ್ಟಿದ ಆ ಅಣೆಕಟ್ಟು 1970ರ ದಶಕದ ಮೊದಲಲ್ಲಿ ಮುಗಿಯಿತು. ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುವ ರೇಣುಕಾ ಸಾಗರ ತುಂಬಿತು. ಆ ನೀರಿನಡಿಗೆ ಹೊಲ ಹೋದವು, ಮನೆ ಹೋದವು, ಗುಡಿ ಹೋದವು. ಆ ಕಾಲದ ಕಾಯಿದೆಯಂತೆ ಪೇಟೆಯ ಬೆಲೆ, ಅದರ ಮೇಲೆ ಕಡ್ಡಾಯ ಸ್ವಾಧೀನಕ್ಕೆಂದು ನೂರಕ್ಕೆ 15 ಹೆಚ್ಚುವರಿ. ಅದು 30 ಆಗಲು 1984 ಬರಬೇಕಾಯಿತು, 100 ಆಗಲು 2013 ಬರಬೇಕಾಯಿತು. ಮುಳುಗಿದವರು ಅಷ್ಟು ದಿನ ಕಾಯುವಂತಿರಲಿಲ್ಲ, ನೀರು ಕಾಯುವದಿಲ್ಲ. ಬೆಲೆ ಕಟ್ಟಿದವರು ಗೋಡೆಗೆ ಬೆಲೆ ಕಟ್ಟಿದರು. ಚಕ್ಕಡಿಯ ಬಾಡಿಗೆ, ಹೊಸ ಊರಲ್ಲಿ ಕಾಲೂರುವ ವರೆಗಿನ ಉದ್ದರಿ, ತಪ್ಪಿಹೋದ ಗಿರಾಕಿ, ಇವುಗಳಿಗೆ ಬೆಲೆ ಕಟ್ಟುವ ಮನಸ್ಸು ಕಾಯಿದೆಯ ಐದನೆಯ ಮಾತಿನಲ್ಲಿತ್ತು, ಕಚೇರಿಯ ಕೋಷ್ಟಕದಲ್ಲಿರಲಿಲ್ಲ. ಆ ಅಣೆಕಟ್ಟಿನ ನೀರು ಉಂಡ ರೈತನ ಮೇಲೆಯೂ ಸರಕಾರ ಅಭಿವೃದ್ಧಿ ಕರ ಹೇರಿತು. ಅದರ ಉರಿಯೇ 1980ರ ಜುಲೈ 21ರಂದು ನರಗುಂದ ನವಲಗುಂದಗಳಲ್ಲಿ ಎದ್ದಿತು. ಗೋಲೀಬಾರಿನ ಆ ದಿನವನ್ನು ಈ ಸೀಮೆ ಮರೆತಿಲ್ಲ.

2013ರ ಕಾಯಿದೆಯ ಎರಡನೆಯ ಅನುಸೂಚಿಯನ್ನು ಪ್ರತಿಯೊಬ್ಬ ಸಣ್ಣ ವ್ಯಾಪಾರಿಯೂ ಒಮ್ಮೆ ಓದಿಸಿ ಕೇಳಬೇಕು. ಮನೆ ಬಿಡಬೇಕಾದ ಕುಟುಂಬಕ್ಕೆ ಒಂದು ವರ್ಷದ ವರೆಗೆ ತಿಂಗಳಿಗೆ 3,000 ರೂಪಾಯಿ ಜೀವನಾಂಶ. ಸಾಮಾನು, ಕಟ್ಟಡದ ಸಾಹಿತ್ಯ, ದನಕರು ಸಾಗಿಸಲು 50,000. ನೆಲೆಯೂರುವ ಭತ್ಯೆ ಇನ್ನೊಂದು 50,000. ಕುಶಲ ಕೆಲಸಗಾರನಿಗೂ ಸಣ್ಣ ವ್ಯಾಪಾರಿಗೂ ಕನಿಷ್ಠ 25,000. ಎಲ್ಲಕ್ಕಿಂತ ಮುಖ್ಯವಾದ ಮಾತು: ಹೊಸದಾಗಿ ಕೊಟ್ಟ ನೆಲ ಅಥವಾ ಮನೆಯ ಮುದ್ರಾಂಕ ಶುಲ್ಕವನ್ನೂ ನೋಂದಣಿಯ ಖರ್ಚನ್ನೂ, ಭೂಮಿ ಯಾರಿಗಾಗಿ ತೆಗೆದುಕೊಂಡರೋ ಅವರೇ ತೆರಬೇಕು. ಎಬ್ಬಿಸಿದವನೇ ತೆರಬೇಕೆಂಬ ಮಾತು ಭಾರತದ ಕಾಯಿದೆಯಲ್ಲಿ ಇಷ್ಟು ಸ್ಪಷ್ಟವಾಗಿದೆ! ಧಾರವಾಡದಿಂದ ಕಿತ್ತೂರಿನ ಮೇಲೆ ಹಾಯ್ದು ಬೆಳಗಾವಿಗೆ ಹೋಗುವ ಹೊಸ ರೈಲುದಾರಿ ಮಂಜೂರಾಗಿದೆ. ಆ ದಾರಿಯ ಗುರುತಿನ ಕಲ್ಲು ಯಾರ ಹೊಲ, ಯಾರ ಅಂಗಡಿಯ ಮುಂದೆ ಬೀಳುತ್ತದೆಯೋ ಅವರು ಈ ಅನುಸೂಚಿಯನ್ನು ಕೈಯಲ್ಲಿ ಹಿಡಿದೇ ಅಧಿಕಾರಿಗಳ ಮುಂದೆ ನಿಲ್ಲಬೇಕು.

ಇಲ್ಲಿ ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಕಾಗದದ ಮೇಲೆ ಸ್ವಾಧೀನವಾಗದೆಯೂ ಎತ್ತಂಗಡಿಯಾಗುವದುಂಟು. 2009ರಲ್ಲಿ ಒಮ್ಮೆ, 2019ರ ಆಗಸ್ಟಿನಲ್ಲಿ ಇನ್ನೊಮ್ಮೆ ಮಲಪ್ರಭೆ ದಂಡೆ ಮೀರಿ ರಾಮದುರ್ಗ ತಾಲೂಕಿನ ಊರುಗಳಿಗೆ ನುಗ್ಗಿತು. ಮಗ್ಗದ ಮನೆಗಳಿಗೆ ನೀರು ಹೊಕ್ಕಿತು. 2019ರಲ್ಲಿ ತುರ್ತಿಗೆಂದು 10,000, ಪೂರ್ತಿ ಬಿದ್ದ ಮನೆಗೆ 5 ಲಕ್ಷವೆಂದು ಸಾರಿದರು. ಅಡಿಪಾಯ ಹಾಕಿದ ಮೇಲೊಂದು ಕಂತು, ಗೋಡೆ ಎದ್ದ ಮೇಲೊಂದು ಕಂತು. ಅಷ್ಟರ ವರೆಗೆ ನೇಕಾರ ಎಲ್ಲಿ ಇದ್ದ, ಯಾರಿಗೆ ಬಾಡಿಗೆ ಕೊಟ್ಟ, ಮಗ್ಗವನ್ನು ಎಲ್ಲಿ ಹೂಡಿದ, ಎಷ್ಟು ತಿಂಗಳು ನೂಲು ಮುಟ್ಟಲಿಲ್ಲ, ಈ ಲೆಕ್ಕಕ್ಕೆ ಕಂತಿನಲ್ಲಿ ಜಾಗವಿರಲಿಲ್ಲ.

ಈಗ ಇವನ್ನೆಲ್ಲ ಒಂದೆಡೆ ಇಟ್ಟು ನೋಡಿರಿ. ಮುಳುಗಡೆಯ ರೈತನಿಗೆ ಹಕ್ಕು ಕಾಯಿದೆಯಲ್ಲಿದೆ, ಕೈಗೆ ಸರಿಯಾಗಿ ಬರುವದಿಲ್ಲ. ವರ್ಗವಾದ ನೌಕರನಿಗೆ ಅದು ಕಾಯಿದೆಯಲ್ಲಿಯೇ ಇಲ್ಲ. ಗಿರಣಿಯ ಕಾರ್ಮಿಕನ ಗತಿ ಇಬ್ಬರಿಗಿಂತ ಕಡೆ. ಗಿರಣಿ ಮುಚ್ಚಿದಾಗ 1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿದ್ದದ್ದು ವರ್ಷಕ್ಕೆ 15 ದಿನದ ಸರಾಸರಿ ಪಗಾರದ ಪರಿಹಾರ. ಆ ಕಾಯಿದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಲೆಕ್ಕ ಅದೇ 15 ದಿನ. ಮೊದಲು 100 ಮಂದಿ ದುಡಿಯುವ ಕಾರ್ಖಾನೆಯನ್ನು ಮುಚ್ಚಲು ಸರಕಾರದ ಅನುಮತಿ ಬೇಕಾಗಿತ್ತು. ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 300ಕ್ಕೆ ಏರಿದೆ. ಹತ್ತು ವರ್ಷ ಸಾಂಚೆಯ ಮುಂದೆ ನಿಂತವನಿಗೆ 150 ದಿನದ ಪಗಾರ. ಚಾಳಿನ ಖೋಲಿ ಬಿಟ್ಟು ಹುಬ್ಬಳ್ಳಿಗೋ ಇಚಲಕರಂಜಿಗೋ ಕೆಲಸ ಹುಡುಕಿ ಹೋಗುವ ಖರ್ಚು, ಹೊಸ ಖೋಲಿಯ ಡಿಪಾಜಿಟ್ಟು, ಮಕ್ಕಳ ಶಾಲೆಯ ಖರ್ಚು ಎಲ್ಲವೂ ಅದರಲ್ಲಿಯೇ ಹೋಗಬೇಕು.

ಮೂವರೂ ಎತ್ತಂಗಡಿಯಾದವರೇ. ಎಬ್ಬಿಸಿದ ಕೈ ಮಾತ್ರ ಬೇರೆ ಬೇರೆ. ನೌಕರನಿಗೆ ಕೊಟ್ಟರೆ ನನಗೇನು ಸಿಕ್ಕಿತು ಎಂದು ಕಾರ್ಮಿಕ ಕೇಳುವದು, ಮುಳುಗಡೆಯವರಿಗೆ ಕೊಟ್ಟರೆ ನಮಗೇಕಿಲ್ಲ ಎಂದು ನೌಕರ ಮೂಗು ಮುರಿಯುವದು, ಇದನ್ನು ನೋಡಿ ನಗುವವರು ಬೆಂಗಳೂರಿನಲ್ಲಿಯೂ ದಿಲ್ಲಿಯಲ್ಲಿಯೂ ಕುಳಿತಿದ್ದಾರೆ. ಒಬ್ಬನಿಗೆ ಸಿಕ್ಕ ಹಕ್ಕು ಇನ್ನೊಬ್ಬನ ಬೇಡಿಕೆಗೆ ಆಧಾರ. ಒಬ್ಬನಿಗೆ ತಪ್ಪಿದ ಹಕ್ಕು ಇನ್ನೊಬ್ಬನಿಗೂ ತಪ್ಪಿಸಲು ನೆಪ.

ನೌಕರ ಬಂಧುಗಳಿಗೂ ನಾವು ಒಂದು ಮಾತು ಹೇಳಬೇಕಾಗಿದೆ. ನಿಮ್ಮ ಸಂಘಗಳು ತುಟ್ಟಿಭತ್ಯೆಗೆ ಹೋರಾಡುತ್ತವೆ, ಪಿಂಚಣಿಗೆ ಹೋರಾಡುತ್ತವೆ, ಸರಿಯೇ. ಅಂಗಡಿಕಾರ ಬಂದಾಗ ಖುರ್ಚಿ ತೋರಿಸಿ ಮಾತಾಡಿಸಿರಿ, ಮುಳುಗಡೆಯ ರೈತನ ಕಾಗದವನ್ನು ಮೇಜಿನ ಮೇಲೆ ಆರು ತಿಂಗಳು ಮಲಗಿಸಬೇಡಿರಿ. ಆಗ ನಿಮ್ಮ ಮನೆಯ ಖರ್ಚಿನ ಬೇಡಿಕೆಗೆ ಪೇಟೆಯೂ ಗಿರಣಿಯೂ ನಿಮ್ಮ ಬೆನ್ನಿಗೆ ನಿಂತಾವು.

ಈ ಸೀಮೆಯ ಹಿರಿಯರಿಗೆ ಎತ್ತಂಗಡಿ ಹೊಸ ಮಾತಲ್ಲ. ಬ್ರಿಟಿಷರ ದಫ್ತರಿನಲ್ಲಿ ಬೈಲಹೊಂಗಲದ ಸೀಮೆ ಸಂಪಗಾಂವ ತಾಲೂಕು, ಸವದತ್ತಿಯ ಸೀಮೆ ಪರಸಗಡ ತಾಲೂಕು, ರಾಮದುರ್ಗ ಬೇರೆಯೇ ಒಂದು ಸಂಸ್ಥಾನ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ಕ್ಕೆ ಈ ಸೀಮೆಯೆಲ್ಲ ಮೈಸೂರು ರಾಜ್ಯಕ್ಕೆ ಬಂತು. ರಾಮದುರ್ಗದ ಕಾರಕೂನ ಕುಳಿತ ಖುರ್ಚಿಯಲ್ಲಿಯೇ ಒಂಬತ್ತು ವರ್ಷದೊಳಗೆ ಮೂರು ಧಣಿಗಳನ್ನು ಕಂಡ! ಆಗ ರಾಜ್ಯ ಪುನರ್ರಚನಾ ಕಾಯಿದೆಯ 115ನೆಯ ಕಲಮಿನಲ್ಲಿ ಒಂದು ರಕ್ಷಣೆ ಬರೆದರು: ಹೀಗೆ ಬಂದ ನೌಕರನ ಸೇವಾ ಷರತ್ತುಗಳನ್ನು ಕೇಂದ್ರದ ಪೂರ್ವಾನುಮತಿಯಿಲ್ಲದೆ ಅವನಿಗೆ ನಷ್ಟವಾಗುವಂತೆ ಬದಲಿಸಕೂಡದು. ಪಗಾರ ಷರತ್ತಾಯಿತು, ದರ್ಜೆ ಷರತ್ತಾಯಿತು. ಮನೆ ಮಾತ್ರ ಅಂದಿಗೂ ಷರತ್ತಾಗಲಿಲ್ಲ, ಇಂದಿಗೂ ಆಗಿಲ್ಲ. ನಾವು ಕೇಳುವದು ದಾನವನ್ನಲ್ಲ. ಮನೆ ಬಿಡಿಸಿದ ಖರ್ಚು ಸೇವಾ ಷರತ್ತಿನಲ್ಲಿ ಸೇರಬೇಕು.

ಬೊಕ್ಕಸದಲ್ಲಿ ಹಣವೆಲ್ಲಿದೆ ಎಂದು ಮಂತ್ರಿಗಳು ಕೇಳಿಯೇ ಕೇಳುತ್ತಾರೆ. ಅವರಿಗೆ ನಮ್ಮ ಉತ್ತರ ಸರಳವಾಗಿದೆ. ವರ್ಗಾವಣೆ ಕಡಿಮೆ ಮಾಡಿರಿ. ಇಂದು ವರ್ಗಾವಣೆ ಇಷ್ಟು ಧಾರಾಳವಾಗಿ ನಡೆಯುವದೇಕೆ? ಹುಕುಮು ಮಾಡುವವನಿಗೆ ಅದರಿಂದ ಖರ್ಚಿಲ್ಲ, ಅದಕ್ಕಾಗಿ. ಸ್ಥಳೀಯ ಪುಢಾರಿಯ ಮಾತು ಕೇಳದ ತಲಾಟಿಯನ್ನು ಸಾಗಹಾಕಲು ಒಂದು ಹಾಳೆ ಸಾಕು. ಮುಷ್ಕರ ಮಾಡಿದವನಿಗೆ ಬುದ್ಧಿ ಕಲಿಸಲೂ ಅದೇ ಹಾಳೆ. 2021ರ ಏಪ್ರಿಲ್‌ನಲ್ಲಿ ಸಾರಿಗೆ ಕಾರ್ಮಿಕರು ಆರನೆಯ ವೇತನ ಆಯೋಗದ ಪಗಾರ ಕೇಳಿ ಬಸ್ಸು ನಿಲ್ಲಿಸಿದಾಗ ಅಮಾನತು, ವಜಾಗಳ ಸಂಗಡ ವರ್ಗಾವಣೆಯ ಚಾಟಿಯನ್ನೂ ಬೀಸಿದ್ದನ್ನು ನಾಡು ನೋಡಿದೆ. ಪ್ರತಿಯೊಂದು ಹುಕುಮಿನ ಕೆಳಗೆ “ಈ ವರ್ಗಾವಣೆಗೆ ಸರಕಾರಕ್ಕೆ ತಗಲುವ ವೆಚ್ಚ ಇಷ್ಟು” ಎಂದು ಬರೆಯಬೇಕಾಗಿ ಬರಲಿ. ಲೆಕ್ಕ ತಪಾಸಣೆಯವರು ಆ ಅಂಕಿಯನ್ನು ಕೂಡಿಸಿ ಕೇಳಲಿ. ಆಗ ಚಾಟಿ ತಾನೇ ತುಟ್ಟಿಯಾಗುತ್ತದೆ. ಒಂದೇ ಮಾಸ್ತರನ ಹತ್ತಿರ ಮೂರು ವರ್ಷ ಕಲಿಯುವ ಭಾಗ್ಯ ನಮ್ಮ ಮಕ್ಕಳಿಗೂ ಬಂದೀತು. ಅದೇ ಕಾರಕೂನ ಕುಳಿತಿದ್ದರೆ ನಮ್ಮ ಕಾಗದವೂ ಕೈಯಿಂದ ಕೈಗೆ ಹೋಗುವಾಗ ಕಳೆಯದೆ ಉಳಿದೀತು.

ದುರುಪಯೋಗವಾಗುವದೆಂಬ ಹೆದರಿಕೆ ಇದ್ದರೆ ಬೇಲಿ ಹಾಕಿರಿ. ಬೇಲಿಯ ನೆಪದಲ್ಲಿ ಹೊಲವನ್ನೇ ಬೀಳುಗೆಡವಬೇಡಿರಿ. ಇಲ್ಲೊಂದು ಮೋಸದ ಕಿಂಡಿಯೂ ಇದೆ. ನೌಕರ ತಾನಾಗಿ ಕೋರಿದ ವರ್ಗಾವಣೆಗೆ ಭತ್ಯೆ ಇಲ್ಲವೆಂಬದು ನಿಯಮ. ಅದು ನ್ಯಾಯವೇ. ಆದರೆ ದೂರದ ಊರಿಗೆ ಎಸೆದು, ನಾಲ್ಕು ವರ್ಷದ ನಂತರ ಮನೆಗೆ ಮರಳಲು ಅರ್ಜಿ ಕೊಟ್ಟರೆ ಅದನ್ನು “ಕೋರಿಕೆ” ಎನ್ನುವದು ಯಾವ ನ್ಯಾಯ? ಎಸೆದ ಖರ್ಚು ಯಾರದೋ ಮರಳಿ ತರುವ ಖರ್ಚೂ ಅವರದೇ ಆಗಬೇಕು.

ಆದ್ದರಿಂದ ನಮ್ಮ ಬೇಡಿಕೆಗಳನ್ನು ಇಲ್ಲಿ ಮುಂದಿಡುತ್ತೇವೆ:

1. ಸಾರ್ವಜನಿಕ ಹಿತದ ಹೆಸರಿನಲ್ಲಿ ದೂರಕ್ಕೆ ವರ್ಗವಾದ ನೌಕರ ತಾನು ವಾಸವಿದ್ದ ಒಂದೇ ಮನೆಯನ್ನು ಮಾರಿದರೆ, ರಶೀದಿ ತೋರಿಸಿದ ಖರ್ಚನ್ನು ಸರಕಾರ ತೆರಬೇಕು. ಎರಡನೆಯ ಮನೆಗೆ, ಬಾಡಿಗೆಗೆ ಬಿಟ್ಟ ಮನೆಗೆ ಒಂದು ಕಾಸೂ ಬೇಡ.

2. ಈ ಖರ್ಚಿಗೆ ರೂಪಾಯಿಯಲ್ಲಿ ಮೇಲ್ಮಿತಿ ಇರಬೇಕು, ಅದು ಶಿಪಾಯಿಗೂ ಸಾಹೇಬನಿಗೂ ಒಂದೇ ಆಗಿರಬೇಕು. ಬಂಗಲೆ ಮಾರಿದವನಿಗೆ ಬಂಗಲೆಯ ಲೆಕ್ಕ ಬೇಡ. ಮೊದಲು ಕೆಳಗಿನ ದರ್ಜೆಯವರಿಂದಲೇ ಆರಂಭವಾಗಲಿ.

3. ಅಂಥ ನೌಕರ ಹೊಸ ಊರಲ್ಲಿ ಎರಡು ವರ್ಷದೊಳಗೆ ಮನೆ ಕೊಂಡರೆ ಅದೇ ಮಿತಿಯೊಳಗೆ ಮುದ್ರಾಂಕ ಮತ್ತು ನೋಂದಣಿ ಶುಲ್ಕವನ್ನು ಮಾಫಿ ಮಾಡಬೇಕು.

4. ತಾಲೂಕಿನ ಊರುಗಳಲ್ಲಿ ಕೆಳದರ್ಜೆಯ ನೌಕರರಿಗೆ ಸರಕಾರಿ ವಸತಿ ಕಟ್ಟಿಸಬೇಕು. ಮನೆ ಕೊಟ್ಟರೆ ಮಾರುವ ಮಾತೇ ಬರುವದಿಲ್ಲ.

5. ಭೂಸ್ವಾಧೀನದಲ್ಲಿ ಮನೆ, ಅಂಗಡಿ, ಮಗ್ಗ ಕಳೆದುಕೊಂಡವರಿಗೆ ಎರಡನೆಯ ಅನುಸೂಚಿಯ ಪ್ರತಿಯೊಂದು ಬಾಬೂ ಮನೆ ಬಿಡುವ ಮೊದಲೇ ಕೈಗೆ ಸೇರಬೇಕು. ಪ್ರವಾಹದಿಂದ ನೆಲೆ ತಪ್ಪಿದವರಿಗೂ ಸ್ಥಳಾಂತರದ ಖರ್ಚನ್ನು ಮನೆಯ ಪರಿಹಾರದಿಂದ ಬೇರೆಯಾಗಿಯೇ ಕೊಡಬೇಕು.

6. ಗಿರಣಿ ಮುಚ್ಚಿದಾಗ 15 ದಿನದ ಲೆಕ್ಕದ ಮೇಲೆ ಕಾರ್ಮಿಕನ ಕುಟುಂಬದ ಸ್ಥಳಾಂತರದ ವೆಚ್ಚವನ್ನೂ ಮಾಲಕನಿಂದ ವಸೂಲು ಮಾಡಿ ಕೊಡಿಸಬೇಕು.

ಇವುಗಳಲ್ಲಿ ಯಾವದು ಅತಿಯಾಯಿತು? ಮೊದಲನೆಯದು ಅಮೇರಿಕೆಯ ಸರಕಾರ ಒಪ್ಪಿದ ಮಾತು. ಮೂರನೆಯದು ನಮ್ಮದೇ ಪಾರ್ಲಿಮೆಂಟು 2013ರಲ್ಲಿ ಮುಳುಗಡೆಯವರಿಗಾಗಿ ಬರೆದ ಮಾತಿನ ಪಡಿಯಚ್ಚು. ಐದನೆಯದರ ಬೀಜ 1894ರಷ್ಟು ಹಳೆಯದು. ಆರನೆಯದನ್ನು ಕೇಳಲು ಮಾತ್ರ ಸಂಘಟನೆ ಬೇಕು. ಸಂಘಟನೆಯಿಲ್ಲದೆ ಬಂದದ್ದು ಯಾವದು?

ಮುಂದಿನ ಬೇಸಿಗೆಗೆ ನಿಮ್ಮ ಓಣಿಯಲ್ಲಿ ಟೆಂಪೊ ನಿಂತಾಗ ತುಳಸಿಯ ಕುಂಡ ಎತ್ತಿಕೊಡಲು ನೀವು ಹೋಗುತ್ತೀರಿ; ನೆರೆಹೊರೆಯ ಧರ್ಮ ಅದು. ಹೋದಾಗ ಆ ಮನೆಯವರಿಗೆ ಈ ಬೇಡಿಕೆಗಳನ್ನೂ ಓದಿ ಹೇಳಿರಿ. ಅವರಿಂದ ಒಂದು ಮಾತನ್ನೂ ಪಡೆಯಿರಿ: ನಾಳೆ ಕಿತ್ತೂರಿನ ಅಂಗಡಿ ರೈಲುದಾರಿಗೆ ಹೋದರೆ, ರಾಮದುರ್ಗದ ಮಗ್ಗ ಹೊಳೆಗೆ ಹೋದರೆ, ನಮ್ಮ ಗಿರಣಿಯ ಭೋಂಗಾ ನಿಂತರೆ, ಅವರೂ ನಮ್ಮ ಸಾಲಿನಲ್ಲಿ ನಿಲ್ಲಬೇಕು. ಎಬ್ಬಿಸಿದವರೇ ತೆರಬೇಕೆಂಬ ಮಾತು ಒಂದು ಮನೆಯಿಂದ ಹೊರಟರೆ ಕೂಗು, ನಾಲ್ಕು ತಾಲೂಕುಗಳಿಂದ ಹೊರಟರೆ ಹಕ್ಕು.